ಕರಿ ತಿಂದ ಎತ್ತು, ಕರಿಗೆ ನಿಂತ ಮೋಟಾರು

ಆ ವರ್ಷ ಚಿಕ್ಕಯರಿಹಾಳದಲ್ಲಿ ಕಾರಹುಣ್ಣಿಮೆಯ ಕರಿಯನ್ನು ಎತ್ತು ಹರಿಯಲಿಲ್ಲ. ತಿಂದುಬಿಟ್ಟಿತು.

ಇದು ಸಣ್ಣ ಮಾತಲ್ಲ. ಕುಕನೂರಿನಿಂದ ಕೊಪ್ಪಳಕ್ಕೆ ಹೋಗುವ ಹಾದಿ ಈ ಊರಿನ ಅಗಸಿಯ ಹೊಟ್ಟೆಯೊಳಗಿಂದಲೇ ಹಾಯ್ದು ಹೋಗುತ್ತದೆ. ಹುಣ್ಣಿಮೆಯ ಸಂಜೆ ಆ ಅಗಸಿಬಾಗಿಲಿಗೆ ಅಡ್ಡಲಾಗಿ ಬೇವಿನ ಸೊಪ್ಪು, ಕೊಬ್ಬರಿ ಬಟ್ಟಲು ಕಟ್ಟಿದ ಹಗ್ಗ ಬಿಗಿಯುತ್ತಾರೆ. ಅದೇ ಕರಿ. ಕೊಂಬು ಊದಿದ ಕೂಡಲೇ ಎತ್ತುಗಳು ಓಡಿ ಬಂದು ಅದನ್ನು ಹರಿಯಬೇಕು. ಬಿಳಿ ಎತ್ತು ಹರಿದರೆ ಆ ವರ್ಷ ಬಿಳಿಜೋಳ, ಹತ್ತಿ ಕೈಹಿಡಿಯುತ್ತವೆ. ಕೆಂಪು ಎತ್ತು ಹರಿದರೆ ಕೆಂಪು ಜೋಳ, ತೊಗರಿ. ಅದು ಗೊತ್ತಾಗುವ ತನಕ ಊರಲ್ಲಿ ಯಾರೂ ಬಿತ್ತುವ ಕೂರಿಗೆ ಹೂಡುವುದಿಲ್ಲ. ಮಳೆ ಬಂದು ಬಾಗಿಲು ಬಡಿದರೂ ಹೂಡುವುದಿಲ್ಲ.

ಕರಿಗೆ ಮೊದಲ ಎತ್ತು ಬಿಡುವ ಮಾನ ದೊಡ್ಡಬಸಪ್ಪನ ಮನೆಯದು. ಮುತ್ತಜ್ಜನ ಕಾಲದಿಂದ ಬಂದದ್ದು. ಅವನ ಕೆಂಪು ಎತ್ತು ಮಾಣಿಕ್ಯನ ಜೊತೆಗೆ ಆ ಸಂಜೆ ಓಡಬೇಕಾಗಿದ್ದದ್ದು ಓಬಳೆಪ್ಪನ ಬಿಳಿ ಎತ್ತು. ಓಬಳೆಪ್ಪ ಬೇರೆ ಯಾರೂ ಅಲ್ಲ, ದೊಡ್ಡಬಸಪ್ಪನ ಹೆಂಡತಿ ಕಳಕಮ್ಮನ ಖಾಸಾ ತಮ್ಮ; ಆ ಸೀಮೆಯ ರೂಢಿಯಂತೆ ಅಕ್ಕನ ಗಂಡನನ್ನು ಮಾವ ಎನ್ನುತ್ತಿದ್ದ. ಎಲ್ಲ ಸರಿಯಾಗಿಯೇ ಇತ್ತು. ಆದರೆ ಕೊಂಬು ಊದುವ ಹೊಳಿಯಪ್ಪನ ಮುಂದಿನ ಹಲ್ಲುಗಳು ಹಿಂದಿನ ವಾರವೇ ಬಿದ್ದುಹೋಗಿದ್ದವು. ಅವನು ಕೆನ್ನೆ ಉಬ್ಬಿಸಿ, ಕಣ್ಣು ಹೊರಗೆ ಹಾಕಿ ಊದಿದ. ಕೊಂಬಿನಿಂದ ‘ಫುಸ್’ ಎಂದಿತು. ಅಷ್ಟೇ.

ಓಬಳೆಪ್ಪನ ಬಿಳಿ ಎತ್ತು ಆ ಸದ್ದಿಗೆ ಹಾವು ಬಂತೆಂದು ತಿಳಿದು ಹಿಂದಕ್ಕೆ ತಿರುಗಿ ಓಡಿ ಕೆರೆಯಲ್ಲಿ ಇಳಿಯಿತು. ಮಾಣಿಕ್ಯ ಮಾತ್ರ ಕೊಂಬಿಗಾಗಿ ಬಹಳ ಹೊತ್ತು ಕಾಯ್ದು, ಬೇಸರವಾಗಿ, ಬೀಗರ ಮನೆಗೆ ಹೋಗುವವನ ಹಾಗೆ ಮೆಲ್ಲಗೆ ನಡೆದು ಅಗಸಿಗೆ ಬಂದು, ಕೊರಳು ಚಾಚಿ, ಬೇವಿನ ಸೊಪ್ಪನ್ನೂ ಕೊಬ್ಬರಿಯನ್ನೂ ಒಂದೊಂದಾಗಿ ತಿಂದು ಮುಗಿಸಿತು. ಹಗ್ಗ ಇದ್ದಲ್ಲೇ ಇತ್ತು.

ಮರುದಿನ ಅಂದಪ್ಪಗೌಡರ ಕಟ್ಟೆಯ ಮೇಲೆ ಊರು ಕೂಡಿತು.

“ಮಾವ, ಇನ್ನ ಮುಂದ ನಿಮ್ಮ ಮನಿಗೆ ಕರಿ ತಿಂದ ಮನಿ ಅಂತ ಅನ್ನೂದಾ?” ಎಂದ ಓಬಳೆಪ್ಪ.

“ಅಳಿಯಾ, ನಿನ್ನೆತ್ತು ಎಲ್ಲೈತಿ? ಕೆರಿಯಾಗಿಂದ ಎದ್ದು ಬಂತೋ ಇಲ್ಲೋ?”

“ನಮ್ಮೆತ್ತು ಓಡೇತಿ ಮಾವ. ದಿಕ್ಕ ತಪ್ಪೇತಿ ಅಷ್ಟ. ನಿಂದು ಊಟಕ್ಕ ಕುಂತಂಗ ತಿಂದೈತಿ. ಮೊದಲನೇ ಎತ್ತಿನ ಮಾನ ನಮಗ ಕೊಡ್ರಿ ಗೌಡ್ರ.”

ಗೌಡರು ಮೀಸೆ ನೀವಿಕೊಂಡರು. ಎತ್ತುಗಳನ್ನು ಮತ್ತೆ ಓಡಿಸುವಂತಿಲ್ಲ. ವರ್ಷಕ್ಕೆ ಒಂದೇ ಓಟ, ಅದು ಹಿರಿಯರ ಕಟ್ಟು. ಕರಿ ಹರಿಯದೆ ಬಿತ್ತುವಂತೆಯೂ ಇಲ್ಲ. ಹೀಗೆ ಊರೆಲ್ಲ ಬಾಯಿ ತೆರೆದು ಕೂತಿದ್ದಾಗ ತಹಸೀಲಿನ ಡಂಗುರದವನು ಬಂದು ಹಲಗಿ ಬಾರಿಸಿದ.

“ಕೇಳ್ರಪೋ ಕೇಳ್ರಿ! ರಾಯಚೂರಿಂದ ಮೋಟಾರ್ ಶರ್ಯತ್ತು ಹೊಂಟೈತಿ! ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಿಮ್ಮೂರ ಮ್ಯಾಲೆ ಹಾಯ್ದು ಕೊಪ್ಪಳಕ್ಕ ಹೋಗತೈತಿ! ಹಾದ್ಯಾಗ ಎಮ್ಮಿ, ಕೋಳಿ, ಕುಡದ ಮಂದಿ ಇರಬಾರದು! ಎಲ್ಲಾರನ್ನೂ ಕಟ್ಟಿ ಹಾಕ್ರಿ!”

ದೊಡ್ಡಬಸಪ್ಪನ ಕಿವಿ ನೆಟ್ಟಗಾದವು.

ಮೋಟಾರಿನ ವಿಷಯದಲ್ಲಿ ಅವನ ತಿಳಿವಳಿಕೆಗೆ ಸುತ್ತಿನ ಹಳ್ಳಿಗಳಲ್ಲಿ ಎದುರಿರಲಿಲ್ಲ. ಕೊಪ್ಪಳದಲ್ಲಿ ಒಮ್ಮೆ ಮೋಟಾರು ನೋಡಿದ್ದ. ಭಾನಾಪುರ ಟೇಸನ್ನಿನಲ್ಲಿ ಒಮ್ಮೆ ಅದು ಹೋದ ಮೇಲೆ ಅದರ ವಾಸನೆ ನೋಡಿದ್ದ. ಹಾದಿಯಲ್ಲಿ ಸಿಕ್ಕ ಮೋಟಾರು ಗಾಲಿಯ ತುಂಡಿನಿಂದ ಚಪ್ಪಲಿ ಹೊಲಿಸಿಕೊಂಡಿದ್ದ. ಆ ಚಪ್ಪಲಿ ಮೆಟ್ಟಿಕೊಂಡರೆ ಇಳಿಜಾರಿನಲ್ಲಿ ತಾನಾಗಿಯೇ ನಿಲ್ಲುವುದಕ್ಕಾಗುವುದಿಲ್ಲ, ಯಾರಾದರೂ ಹಿಡಿಯಬೇಕು ಎಂದು ಅವನೇ ಹೇಳುತ್ತಿದ್ದ. ಒಂದೆರಡು ಸಲ ಊರವರು ಹಿಡಿದದ್ದೂ ಉಂಟು.

“ಗೌಡ್ರ,” ಎಂದು ಎದ್ದ ದೊಡ್ಡಬಸಪ್ಪ. “ಎತ್ತು ಓಡಿದರೂ ಶರ್ಯತ್ತು, ಮೋಟಾರ ಓಡಿದರೂ ಶರ್ಯತ್ತು. ಅಗಸಿಗೆ ಮತ್ತ ಕರಿ ಕಟ್ಟೋಣು. ಯಾವ ಬಣ್ಣದ ಮೋಟಾರು ಹರಿತೈತೋ ಆ ಬೆಳಿ.”

ಕಟ್ಟೆಯ ಮೇಲಿದ್ದವರೆಲ್ಲ ಮೊದಲು ಗೌಡರ ಮುಖ ನೋಡಿದರು. ಆಮೇಲೆ ಗೌಡರು ಕೇಳಿದರು, “ಮೋಟಾರಿಗೆ ಕೋಡ ಇರತಾವೇನು?”

“ಮುಂದ ಎರಡು ದೀಪ ಇರತಾವ್ರಿ. ಕೋಡಿದ್ದಂಗ.”

“ಹಂಗಾರ ನಡೀತೈತಿ,” ಎಂದರು ಗೌಡರು. “ಕೆಂಪು ಮೋಟಾರ ಹರದರ ಮೊದಲನೇ ಎತ್ತಿನ ಮಾನ ಬಸಪ್ಪನ ಮನ್ಯಾಗ ಇರತೈತಿ. ಬಿಳೇದು ಹರದರ ಓಬಳೆಪ್ಪನ ಮನಿಗೆ.”

ಓಬಳೆಪ್ಪ ಒಪ್ಪಿದ. ದೊಡ್ಡಬಸಪ್ಪ ಅದೇ ದಿನ ಸವಾರಿ ಬಂಡಿಗೆ ಮಾಣಿಕ್ಯನನ್ನೂ ಅದರ ಜೋಡಿ ಬಿಳಿ ಎತ್ತು ಮುತ್ತುವನ್ನೂ ಹೂಡಿದ. ಮುತ್ತಜ್ಜನ ಮಾನ ಒಂದು ಕೆಂಪು ಮೋಟಾರಿನ ಮೇಲೆ ನಿಂತಿದೆ ಎಂದಮೇಲೆ ಅದರ ಹಿಂದೆಯೇ ಇದ್ದು, ಅದಕ್ಕೆ ಕಣ್ಣು ಬೀಳದಂತೆ ನೋಡಿಕೊಳ್ಳಬೇಡವೇ? ಕಳಕಮ್ಮ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ ಗಡಿಗೆ ತಂದು ಬಂಡಿಯಲ್ಲಿಟ್ಟು ತಾನೂ ಹತ್ತಿ ಕೂತಳು.

“ನೀ ಯಾಕ?” ಎಂದ ದೊಡ್ಡಬಸಪ್ಪ.

“ನೀವು ಮೋಟಾರ ನೋಡಿಕೋಂತ ಎತ್ತಿಗೆ ನೀರ ಕುಡಸೂದ ಮರೀತೀರಿ. ಎತ್ತಿನ ಸಲುವಾಗಿ ಬಂದೇನಿ.”

ಗಂಗಾವತಿಗೆ ಅವರು ಹೋಗಿ ಮುಟ್ಟಿದಾಗ ಹಳೆಯ ಕಾಲುವೆಯ ದಂಡೆಯ ಮೇಲೆ ಜಾತ್ರೆ ಮೀರಿಸುವ ಜನ. ರಾಯಚೂರಿನಿಂದ ಬಂದ ಮೋಟಾರುಗಳು ದಣಿವಾರಿಸಿಕೊಳ್ಳಲು ಸಾಲಾಗಿ ನಿಂತಿದ್ದವು: ಒಂದು ಬಿಳಿ, ಒಂದು ಕೆಂಪು, ಒಂದು ಹಸಿರು, ಒಂದು ಕಪ್ಪು. ದೊಡ್ಡಬಸಪ್ಪ ಕೆಂಪು ಮೋಟಾರಿನ ಮುಂದೆ ಹೋಗಿ ನಿಂತು, ದನದ ಸಂತೆಯ ರೂಢಿಯಂತೆ ಸುತ್ತು ಹಾಕಿ, ಬೆನ್ನು ತಟ್ಟಿ, ಬಗ್ಗಿ ಹೊಟ್ಟೆ ನೋಡಿದ. ಅದರ ಒಡೆಯ ಸಿಕಂದರಾಬಾದಿನ ಒಬ್ಬ ಪಾರ್ಸಿ. ಗಾಜಿನ ಕನ್ನಡಕ ಹಣೆಗೇರಿಸಿ ಕೇಳಿದ, “ಕ್ಯಾ ದೇಖ್ತೇ, ಪಟೇಲ್?”

“ಹಲ್ಲ ನೋಡಬೇಕಿತ್ರಿ. ವಯಸ್ಸೆಷ್ಟು?”

ಪಾರ್ಸಿಗೆ ಕನ್ನಡ ತಿಳಿಯಲಿಲ್ಲ. ನಕ್ಕು, ಮೋಟಾರಿನ ಬದಿಗಿದ್ದ ರಬ್ಬರಿನ ಬುಗ್ಗೆ ಹಿಚುಕಿದ. “ಭೋಂ!” ಎಂದಿತು ಮೋಟಾರು.

ಆಚೆ ಬೇವಿನ ಗಿಡದ ಕೆಳಗೆ ಬಂಡಿಗೆ ಹೂಡಿಕೊಂಡೇ ಮೆಲುಕು ಹಾಕುತ್ತಿದ್ದ ಮಾಣಿಕ್ಯ ತಲೆ ಎತ್ತಿತು, ಬಾಲ ನಿಗುರಿಸಿತು, ಬಂಡಿಯನ್ನೂ ಮುತ್ತುವನ್ನೂ ಕಳಕಮ್ಮನನ್ನೂ ಎಳೆದುಕೊಂಡು ಹೊರಟೇಬಿಟ್ಟಿತು. ನಾಲ್ಕು ಜನ ಹಿಡಿದು ನಿಲ್ಲಿಸಬೇಕಾಯಿತು.

“ರೀ,” ಎಂದಳು ಕಳಕಮ್ಮ, ಸೆರಗು ಸರಿಮಾಡಿಕೊಳ್ಳುತ್ತ. “ಇದು ಅಂಜಿ ಓಡಲಿಲ್ರಿ. ಹೊಳಿಯಪ್ಪನ ಕೊಂಬು ಅಂತ ತಿಳದು ಓಡ್ತು. ಅವನ ಹಲ್ಲಿದ್ದಾಗ ಕೊಂಬು ಹಿಂಗ ಊದತಿದ್ದ. ಹುಣ್ಣಿವಿ ದಿನ ಊದಿದ್ರ ಕರಿ ಹರೀತಿತ್ತು ನೋಡ್ರಿ.”

ದೊಡ್ಡಬಸಪ್ಪನಿಗೆ ಆ ಮಾತು ಕೇಳಲಿಲ್ಲ. ಮೋಟಾರುಗಳು ಹೊರಟಿದ್ದವು. ಅವನು ಎರಡೂ ಕೈ ಎತ್ತಿ ಕೂಗುತ್ತಿದ್ದ, “ಹೋಗ ನನ್ನಪ್ಪಾ ಕೆಂಪಾ! ಹಿಂದ ನೋಡಬ್ಯಾಡ!”

ಮೋಟಾರು ಕುಷ್ಟಗಿಯ ಸುತ್ತು ಹಾದಿ ಹಿಡಿದರೆ ಬಂಡಿ ಹೊಲದ ನೇರ ಹಾದಿ ಹಿಡಿಯಿತು. ಗುಡುಗು ಹುಟ್ಟಿ ಮಳೆ ಬಂದು, ಕಪ್ಪು ಎರಿ ನೆಲವೆಲ್ಲ ಕಲಸಿದ ಹಿಟ್ಟಾಯಿತು. ದೊಡ್ಡಬಸಪ್ಪ ದಾರಿಯುದ್ದಕ್ಕೂ ಎದುರು ಬಂದವರನ್ನು ನಿಲ್ಲಿಸಿ ಸುದ್ದಿ ಕೇಳಿದ. ಹಸಿರು ಮೋಟಾರು ಗಂಗಾವತಿ ದಾಟುವುದಕ್ಕೆ ಮೊದಲೇ ಭತ್ತದ ಗದ್ದೆಗೆ ಇಳಿದು ನಾಟಿಯಾಗಿತ್ತಂತೆ. ಕಪ್ಪು ಮೋಟಾರು ಕುಷ್ಟಗಿಯಲ್ಲಿ ಒಂದು ಮದುವೆಯ ದಿಬ್ಬಣಕ್ಕೆ ಸಿಕ್ಕಿತ್ತು. ಮದುಮಗನನ್ನು ಹೊರುವುದಕ್ಕೆ ದೇವರೇ ಕಳಿಸಿದ್ದೆಂದು ಬೀಗರು ಅದರ ಒಡೆಯನಿಗೆ ಹೋಳಿಗೆ ತಿನ್ನಿಸಿ ಇಟ್ಟುಕೊಂಡಿದ್ದರು. ಅವನೂ ಹೋಗುವ ಆತುರ ತೋರಿಸಲಿಲ್ಲವಂತೆ.

“ಕೆಂಪಂದು ಏನ ಸುದ್ದಿ?” ಎಂದು ಕುರಿಯವನೊಬ್ಬನನ್ನು ಕೇಳಿದ ದೊಡ್ಡಬಸಪ್ಪ.

“ಕೆಂಪಂದು ನೋಡಿಲ್ಲಣ್ಣಾ. ಯಲಬುರ್ಗಾದ ಮಗ್ಗಲ ಹಳ್ಳದಾಗ ಎರಡು ಮೋಟಾರ ನಿನ್ನಿಯಿಂದ ಎಮ್ಮಿ ಬಿದ್ದಂಗ ಬಿದ್ದಾವು. ಎರಡೂ ಕರೀವು.”

ಕಪ್ಪು ಮೋಟಾರು ಇದ್ದದ್ದು ಒಂದೇ. ಅದು ಕುಷ್ಟಗಿಯಲ್ಲಿ ಮದುವೆ ಉಣ್ಣುತ್ತಿದೆ. ದೊಡ್ಡಬಸಪ್ಪ ಎತ್ತಿನ ಬಾಲ ಮುರಿದು ಹೊಡೆದ.

ಹಳ್ಳಕ್ಕೆ ಬಂದು ನೋಡಿದರೆ ಕುರಿಯವನ ಮಾತು ಸುಳ್ಳಲ್ಲ. ಎರಡೂ ಮೋಟಾರು ಅಚ್ಚಿನ ತನಕ ಹೂತುಹೋಗಿ, ಮೈಗೆಲ್ಲ ಕರಿ ಕೆಸರು ಬಳಿದುಕೊಂಡಿದ್ದವು. ಯಾವುದು ಯಾವುದೆಂದು ಹೆತ್ತ ತಾಯಿಗೂ ಗುರುತು ಸಿಗುತ್ತಿರಲಿಲ್ಲ. ದೊಡ್ಡಬಸಪ್ಪ ಧೋತರದ ಚುಂಗಿನಿಂದ ಒಂದರ ಕಿವಿ ಒರೆಸಿದ. ಕೆಂಪು ಕಂಡಿತು. ಅವನ ಕಣ್ಣಲ್ಲಿ ನೀರು ಬಂತು.

ಎತ್ತುಗಳನ್ನು ಬಂಡಿಯಿಂದ ಬಿಚ್ಚಿ, ನೊಗಕ್ಕೆ ಹಗ್ಗ ಹಾಕಿ ಮೋಟಾರಿಗೆ ಬಿಗಿದರು. ಎತ್ತು ಎಳೆದವು, ಮೋಟಾರು ಕದಲಲಿಲ್ಲ. ಆಗ ಕಳಕಮ್ಮ ಪಾರ್ಸಿಯ ಹತ್ತಿರ ಹೋಗಿ ಬುಗ್ಗೆಯ ಕಡೆ ಬೆರಳು ಮಾಡಿ, ಹಿಚುಕುವ ಸನ್ನೆ ಮಾಡಿದಳು. “ಭೋಂ!” ಎಂದಿತು. ಮಾಣಿಕ್ಯ ನೆಗೆದ ನೆಗೆತಕ್ಕೆ ಮೋಟಾರು ಬೆಣ್ಣೆಯಿಂದ ಕೂದಲು ಬಂದ ಹಾಗೆ ಬಂದು ದಂಡೆಯ ಮೇಲೆ ಕೂತಿತು. ಅದರ ಹಿಂದಿನ ಒಂದು ಮುಚ್ಚಳ ಹಳ್ಳದಲ್ಲೇ ಉಳಿಯಿತು. ಪಾರ್ಸಿ ಅದರ ಚಿಂತೆ ಮಾಡಲಿಲ್ಲ.

“ನಡಿ, ನಡಿ, ಹೊಂಡೋಣು,” ಎಂದ ದೊಡ್ಡಬಸಪ್ಪ.

“ಆ ಸಾಹೇಬ?” ಎಂದಳು ಕಳಕಮ್ಮ.

ಬಿಳಿ ಮೋಟಾರಿನ ಮೇಲೆ ಅದರ ಒಡೆಯ ಮುನವ್ವರ ಸಾಹೇಬ, ಹೈದರಾಬಾದಿನ ಹರೆಯದ ನವಾಬ, ಕೆಸರು ಮೆತ್ತಿದ ಶೇರವಾನಿಯಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ.

“ಅದು ಬಿಳೇದು ಲೇ! ಅದನ್ನ ತಗದ್ರ ನಮ್ಮ ಮಾನ ನಾವ ತಗದಂಗ.”

“ನಿನ್ನಿಯಿಂದ ಉಂಡಿಲ್ಲ ಅಂತ ಮುಖಾ ಹೇಳತೈತಿ. ಬಿದ್ದಾವನ್ನ ಬಿಟ್ಟು ಗೆದ್ರ ಅದೆಂಥ ಗೆಲುವ್ರಿ?”

“ನಿನ್ನ ತಮ್ಮನ ಬಿಳಿ ಅಂತ ಕರಳ ಚುರ್ ಅಂತೈತಿ ನಿನಗ. ಎತ್ತಿನ ಸಲುವಾಗಿ ಬಂದೇನಿ ಅಂತಿದ್ದಿ!”

ಕಳಕಮ್ಮ ಮಜ್ಜಿಗೆ ಗಡಿಗೆ, ರೊಟ್ಟಿ ಎತ್ತಿಕೊಂಡು ಕೆಸರಿನಲ್ಲಿ ಇಳಿದು ಹೋಗಿ ಸಾಹೇಬನ ಕೈಯಲ್ಲಿಟ್ಟಳು. ಆಮೇಲೆ ಬಂಡಿಗೆ ಬಂದು ಹತ್ತಲಿಲ್ಲ. ಹಳ್ಳದ ದಂಡೆಯ ಕಲ್ಲಿನ ಮೇಲೆ ಕೂತಳು. ಕಳಕಮ್ಮ ಕಲ್ಲಿನ ಮೇಲೆ ಕೂತಳೆಂದರೆ ಮೋಟಾರಿಗಿಂತ ಆಳವಾಗಿ ಹೂತಳೆಂದೇ ಅರ್ಥ. ಮದುವೆಯಾದ ಇಪ್ಪತ್ತು ವರ್ಷಗಳಲ್ಲಿ ದೊಡ್ಡಬಸಪ್ಪ ಇಷ್ಟನ್ನು ಕಲಿತಿದ್ದ. ಗೊಣಗುತ್ತಲೇ ಹಗ್ಗ ಬಿಚ್ಚಿ ಬಿಳಿ ಮೋಟಾರಿಗೆ ಕಟ್ಟಿದ. ಇನ್ನೊಂದು “ಭೋಂ”. ಅದೂ ಹೊರಗೆ ಬಂತು.

ಸಾಹೇಬ ಕಳಕಮ್ಮನಿಗೆ ಸಲಾಮು ಮಾಡಿ, ಮೋಟಾರು ಹತ್ತಿ, ಕಣ್ಣೆದುರೇ ಕೆಂಪು ಮೋಟಾರಿಗಿಂತ ಮೊದಲು ಯಲಬುರ್ಗಾದ ಹಾದಿ ಹಿಡಿದ. ಪಾರ್ಸಿಯ ಮೋಟಾರು ಕೆಮ್ಮುತ್ತಾ ಹಿಂದೆ ಹೋಯಿತು.

“ಆತಲ್ಲ, ತಣ್ಣಗಾತಲ್ಲ ಹೊಟ್ಟಿ?” ಎಂದ ದೊಡ್ಡಬಸಪ್ಪ.

“ಆತ್ರಿ,” ಎಂದಳು ಕಳಕಮ್ಮ. “ರೊಟ್ಟಿ ಎರಡು ಉಳದಾವು. ತಿಂತೀರೇನು?”

ಮೋಟಾರುಗಳು ಯಲಬುರ್ಗಾದಲ್ಲಿ ಬಾವಿಯ ನೀರು ಕುಡಿದು, ಕುಕನೂರಿನಲ್ಲಿ ಸಂತೆಯ ನಡುವೆ ಸಿಕ್ಕಿಕೊಂಡು ಹೊರಬರುವಷ್ಟರಲ್ಲಿ ಬಂಡಿ ಅಡ್ಡದಾರಿಯಿಂದ ಊರು ಮುಟ್ಟಿತು. ಅಗಸಿಯ ಮುಂದೆ, ಹಾದಿಯ ಪಕ್ಕಕ್ಕೆ ದೊಡ್ಡಬಸಪ್ಪ ಬಂಡಿ ನಿಲ್ಲಿಸಿದ. ಹೊಸ ಕರಿ ಕಟ್ಟಿಯಾಗಿತ್ತು, ಹಿಂದಿನದಕ್ಕಿಂತ ದಪ್ಪ. ಊರಿನ ಹೆಂಗಸರು ಮೋಟಾರಿಗೆಂದು ಆರತಿ, ನೆನೆಸಿದ ಹುರುಳಿ, ಬೆಲ್ಲದ ನೀರು ಹಿಡಿದು ನಿಂತಿದ್ದರು. ಓಬಳೆಪ್ಪ ತಲೆಗೆ ಬಿಳಿ ಪಟಗ ಸುತ್ತಿದ್ದ.

“ಏನ ಮಾವ, ಕೆಂಪನ ತಬೇತ ಹೆಂಗೈತಿ?”

ದೊಡ್ಡಬಸಪ್ಪ ಬಂಡಿಯಲ್ಲೇ ಕೂತು ಚಪ್ಪಲಿಯ ಕೆಸರು ಕೆರೆಯತೊಡಗಿದ. ಬಿಳಿ ಮೋಟಾರು ಮುಂದಿದೆ, ಅದನ್ನು ಮೇಲೆತ್ತಿದ್ದು ತನ್ನ ಎತ್ತೇ ಎಂದು ಯಾವ ಬಾಯಿಂದ ಹೇಳಬೇಕು?

ಅಷ್ಟರಲ್ಲಿ ಕುಕನೂರಿನ ಕಡೆ ಧೂಳಿಲ್ಲದೆ ಬರೀ ಸದ್ದೆದ್ದಿತು. ಮೊದಲು ಬಂದ ಮೋಟಾರು ಎರಿ ಮಣ್ಣಿನ ಬಣ್ಣದ್ದು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಯಾವದಿದು?” “ಕೆಂಪು!” “ಬಿಳಿ!” “ಕರೇದಲ್ಲೇನ? ಎಳ್ಳ ಬಿತ್ತಬೇಕಾತು!”

ಮೋಟಾರು ಅಗಸಿಯ ಹತ್ತಿರ ಬಂತು. ಕರಿಗೆ ಇನ್ನು ಒಂದು ಮಾರು ಇದೆ.

ಮೋಟಾರು ನಿಂತುಬಿಟ್ಟಿತು.

ಮುನವ್ವರ ಸಾಹೇಬ ಸರ್ಕಾರದ ಹಾದಿಗಳನ್ನು ಕಂಡವನು. ಹಾದಿಗೆ ಅಡ್ಡ ಹಗ್ಗ, ಹಗ್ಗದ ಹಿಂದೆ ಮೀಸೆ ಇಟ್ಟ ಹಿರಿಯ ಮನುಷ್ಯ, ಸುತ್ತ ಜನ: ಇದು ಸುಂಕದ ನಾಕಾ ಅಲ್ಲದೆ ಮತ್ತೇನು? ಅವನು ಇಳಿದು, ಜೇಬಿನಿಂದ ಪರವಾನಗಿ ಕಾಗದ ತೆಗೆದು ಗೌಡರ ಕೈಗೆ ಅದಬಿನಿಂದ ಬಗ್ಗಿ ಕೊಟ್ಟ. ಗೌಡರು ಅದನ್ನು ತಲೆಕೆಳಗೆ ಹಿಡಿದು, ಬಹಳ ಹೊತ್ತು ನೋಡಿ, “ಛಲೋ ಐತಿ” ಎಂದರು. ಇನ್ನೊಂದು ಕೈಯ ಬೆರಳಿನಿಂದ ಮೋಟಾರಿನ ಮೂಗಿನ ಕೆಸರು ಕೆರೆದರು. ಬಿಳಿ!

“ಬಿಳಿ! ಬಿಳಿ!” ಎಂದು ಓಬಳೆಪ್ಪ ಪಟಗ ಹಾರಿಸಿದ. “ಸಾಹೇಬ್ರ, ಹರೀರಿ! ಹರೀರಿ ಸಾಹೇಬ್ರ!”

“ನಹೀಂ, ನಹೀಂ,” ಎಂದ ಸಾಹೇಬ, ಗಾಬರಿಯಿಂದ. “ಸರ್ಕಾರೀ ರಸ್ಸೀ! ಮೈಂ ನಹೀಂ ತೋಡ್ತಾ!”

“ನಮ್ಮ ಅಕ್ಕನ ಆಣಿ ಹರೀರಿ!”

ಸರ್ಕಾರದ ಹಗ್ಗ ಹರಿಯಲಾರೆನೆಂದು ಸಾಹೇಬ ಎರಡೂ ಕೈ ಹಿಂದೆ ಕಟ್ಟಿಕೊಂಡ. ಅಂಥ ಮರ್ಯಾದಸ್ಥ ನವಾಬ.

ಆ ಹೊತ್ತಿಗೆ ಹಿಂದಿನಿಂದ ಪಾರ್ಸಿಯ ಮೋಟಾರು ಬಂತು. ಅಗಸಿ ಇಕ್ಕಟ್ಟು, ಮುಂದಿನದು ನಿಂತರೆ ಹಿಂದಿನದಕ್ಕೆ ಹಾದಿಯಿಲ್ಲ. ಪಾರ್ಸಿಗೆ ಸಿಟ್ಟು ಬಂತು. ಬುಗ್ಗೆ ಹಿಚುಕಿದ.

“ಭೋಂ!”

ಕಳಕಮ್ಮ ಬಂಡಿಯ ಗೂಟ ಗಟ್ಟಿಯಾಗಿ ಹಿಡಿದುಕೊಂಡಳು. ಅವಳೊಬ್ಬಳಿಗೆ ಮಾತ್ರ ಏನಾಗುತ್ತದೆಂದು ಗೊತ್ತಿತ್ತು.

ಹುಣ್ಣಿಮೆಯಿಂದ ಕಾಯುತ್ತಿದ್ದ ಕೊಂಬು ಕಡೆಗೂ ಅಗಸಿಯ ಮುಂದೆಯೇ ಊದಿತೆಂದು ಮಾಣಿಕ್ಯ ತಿಳಿಯಿತು. ಬಾಲ ಎತ್ತಿ ನೆಗೆಯಿತು. ಜೊತೆಗೆ ಹೂಡಿದ ಮುತ್ತು ಬೇರೆ ದಾರಿ ಕಾಣದೆ ತಾನೂ ನೆಗೆಯಿತು. ಬಂಡಿಯ ಒಂದು ಗಾಲಿ ಬಿಳಿ ಮೋಟಾರನ್ನು ಸವರಿಕೊಂಡು, ಇನ್ನೊಂದು ಅಗಸಿಯ ಕಟ್ಟೆಯ ಮೇಲೆ ಹತ್ತಿ, ಒಳಗಿದ್ದ ಗಂಡಹೆಂಡಿರ ಸಮೇತ ಓರೆಯಾಗಿ ಹಾರಿತು. ಕರಿ ‘ಫಟ್’ ಎಂದು ಹರಿಯಿತು. ಅಗಸಿಯಾಚೆ ಹನುಮಪ್ಪನ ಕಟ್ಟೆಯ ತನಕ ಹೋಗಿ ಎತ್ತುಗಳು ನಿಂತಾಗ ಮಾಣಿಕ್ಯನ ಕೋಡಿಗೆ ಹಗ್ಗದ ತುಂಡು ನೇತಾಡುತ್ತಿತ್ತು, ಬಾಯಲ್ಲಿ ಕೊಬ್ಬರಿ ಬಟ್ಟಲಿತ್ತು.

“ಹರದೂ ಹರೀತು, ತಿಂದೂ ತಿಂದಿತು,” ಎಂದ ಹೊಳಿಯಪ್ಪ, ಹಲ್ಲಿಲ್ಲದ ಬಾಯಿ ತುಂಬ ನಗುತ್ತ.

ಓಬಳೆಪ್ಪ ಮಾತ್ರ ಬಿಡಲಿಲ್ಲ. “ನಡಿಯೂದಿಲ್ಲ ಗೌಡ್ರ! ಒಂದ ವರ್ಷಕ್ಕ ಒಂದ ಎತ್ತು ಎರಡ ಸಲ ಓಡುವಂಗಿಲ್ಲ. ಹಿರ್ಯಾರ ಕಟ್ಟು!”

ಗೌಡರು ಪರವಾನಗಿ ಕಾಗದವನ್ನು ಸಾಹೇಬನಿಗೆ ಮರಳಿ ಕೊಟ್ಟು, ಗಂಟಲು ಸರಿಮಾಡಿಕೊಂಡರು.

“ಎರಡ ಸಲ ಎಲ್ಲಿ ಓಡೇತೋ ಓಬಳೆಪ್ಪ? ಹುಣ್ಣಿವಿ ದಿನ ಅದು ಓಡೇ ಇಲ್ಲಲ್ಲ. ಊಟಕ್ಕ ಕುಂತಂಗ ತಿಂದೈತಿ ಅಂತ ನೀನ ನಮ್ಮ ಕಟ್ಟಿ ಮ್ಯಾಲೆ ಹೇಳೀದಿ. ಇದು ಮೊದಲನೇ ಓಟ.”

ಓಬಳೆಪ್ಪನಿಗೆ ಸಿಕ್ಕಿದ್ದು ತನ್ನದೇ ಮಾತು. ಬಿಳಿ ಪಟಗ ಮಡಿಸಿ ಕಂಕುಳಿಗೆ ಸೇರಿಸಿದ.

ಮಾನ ದೊಡ್ಡಬಸಪ್ಪನ ಮನೆಯಲ್ಲೇ ಉಳಿಯಿತು. ಆದರೆ ಕರಿ ಹರಿದ ಜೋಡಿಯ ನೊಗದಲ್ಲಿ ಒಂದು ಕೆಂಪು, ಒಂದು ಬಿಳಿ ಇದ್ದುದರಿಂದ ಆ ವರ್ಷ ಊರವರು ಬಿಳಿಜೋಳದ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕಿದರು. ಎರಡೂ ಚೆನ್ನಾಗಿ ಬೆಳೆದವು. ಜೋಳದ ತೆನೆಗಳು ಎಷ್ಟು ದಪ್ಪವಾಗಿದ್ದವೆಂದರೆ ಗುಬ್ಬಿಗಳು ಎರಡೆರಡು ಕೂಡಿ ಒಂದು ಕಾಳು ಒಯ್ಯುತ್ತಿದ್ದವು. ನಂಬದವರು ಕುಕನೂರಿನಲ್ಲಿ ಕೇಳಬಹುದು. ಅಲ್ಲಿಯವರೂ ಇದನ್ನೇ ಹೇಳುತ್ತಾರೆ, ಚಿಕ್ಕಯರಿಹಾಳದವರಿಂದ ಕೇಳಿ.

ಹೊರಡುವ ಮೊದಲು ಎರಡೂ ಮೋಟಾರಿಗೆ ಕುಂಕುಮ ಹಚ್ಚಿ, ಆರತಿ ಎತ್ತಿ, ಬೆಲ್ಲದ ನೀರು ಕುಡಿಸಿದರು. ಯಾವ ಬಾಯಿಯಲ್ಲಿ ಹೊಯ್ದರೋ, ಬಿಳಿ ಮೋಟಾರು ಸ್ವಲ್ಪ ದೂರ ಹೋಗಿ ಸೀನಿತು. ಪಾರ್ಸಿ ಮಾತ್ರ ಹಿಂದಕ್ಕೆ ಬಂದು, ತನ್ನ ಮೋಟಾರಿನ ಬದಿಯ ರಬ್ಬರಿನ ಬುಗ್ಗೆಯನ್ನು ಕೊಳವೆ ಸಮೇತ ಕಳಚಿ ಕಳಕಮ್ಮನ ಕೈಗೆ ಕೊಟ್ಟ. ಹಳ್ಳದಲ್ಲಿ ಮಾಡಿದ ಉಪಕಾರಕ್ಕೆ. ಅವಳು ಅದನ್ನು ಒಯ್ದು ಹೊಳಿಯಪ್ಪನಿಗೆ ಕೊಟ್ಟಳು. ಅಂದಿನಿಂದ ಚಿಕ್ಕಯರಿಹಾಳದ ಕರಿಗೆ ಕೊಂಬು ಊದುವುದಿಲ್ಲ, ಹಿಚುಕುತ್ತಾರೆ. ಅದಕ್ಕೆ ಹಲ್ಲು ಬೇಕಾಗುವುದಿಲ್ಲ.

ಮರುವಾರ ಡಂಗುರದವನು ಬಂದಾಗ ದೊಡ್ಡಬಸಪ್ಪ ಗಾಲಿಯ ಚಪ್ಪಲಿ ಮೆಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದ.

“ಅಣ್ಣಾ, ಕೊಪ್ಪಳದಾಗ ಕಡೀಕ ಯಾವ ಮೋಟಾರ ಗೆದ್ದಿತು ಗೊತ್ತೇನು?” ಎಂದ ಡಂಗುರದವನು, ಸುದ್ದಿ ಹೇಳುವ ಹುರುಪಿನಲ್ಲಿ.

“ಕೊಪ್ಪಳದ ತನಕಾನೂ ಶರ್ಯತ್ತು ಇತ್ತೇನು?” ಎಂದ ದೊಡ್ಡಬಸಪ್ಪ ಸೋಜಿಗದಿಂದ. “ಕರಿ ಇಲ್ಲೇ ಹರಿದಿತ್ತಲ್ಲೋ.”